ಎಳೆಗೂಸಿನ ಬಾಯಿಗೆ ಸಿಹಿ
(ಉತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿದವನು. ಹಿಂದೂಪುರದಲ್ಲಿ ಬೆಲ್ಲ, ಸಕ್ಕರೆ ತೂಗಿಯೇ ಸಂಸಾರ ನಡೆಸಿದವನು. ಆ ಬೆಲ್ಲವೇ ನನ್ನ ಮೊಮ್ಮಗನಿಗೆ ವಿಷವಾಯಿತು.

ಮಗಳನ್ನು ಕಲ್ಯಾಣದುರ್ಗದ ನನ್ನ ಅಕ್ಕನ ಮಗನಿಗೇ ಕೊಟ್ಟಿದ್ದೇನೆ. ಅವರ ಮಗು ಆರು ತಿಂಗಳು ತಾಯಿಹಾಲು ಕುಡಿದು ಗುಂಡುಗುಂಡಾಗಿತ್ತು. ಅನ್ನಪ್ರಾಶನ ಇದೇ ದೇವಸ್ಥಾನದಲ್ಲಿ ಆಯಿತು. ಬೆಲ್ಲದ ಪಾಯಸ ನಾಲಿಗೆಗೆ ತಗುಲುತ್ತಲೇ ಮುಖ ತಿರುಗಿಸಿತು. "ಪ್ರಸಾದ ಬೇಡ ಅನ್ನಬಾರದು ಕಂದಾ" ಎಂದು ಬಲವಂತವಾಗಿ ತಿನ್ನಿಸಿದವನು ನಾನೇ. ಸ್ವಲ್ಪ ಹೊತ್ತಿಗೆ ವಾಂತಿ, ಬೆವರು, ಮಂಕು. ದೃಷ್ಟಿ ತಗುಲಿತೆಂದು ದೃಷ್ಟಿ ತೆಗೆದೆವು. ಊರಿಗೆ ಹೋದ ಮೇಲೆ ಬಾಳೆಹಣ್ಣು, ಸಕ್ಕರೆ ಹಾಕಿದ ರಾಗಿ ಗಂಜಿ, ದಿನವೂ ವಾಂತಿ. ತೂಕ ಇಳಿಯಿತು, ಹೊಟ್ಟೆ ಉಬ್ಬಿತು, ಕಣ್ಣು ಹಳದಿಯಾಯಿತು. ವಾಂತಿಗೆಂದು ತಂದ ಸಿರಪ್ಪಿನಲ್ಲೂ ಸಕ್ಕರೆ! ಕಾಮಾಲೆಯ ನಾಟಿ ಔಷಧಿಯನ್ನೂ ಜೇನಿನಲ್ಲೇ ಅರೆದು ನೆಕ್ಕಿಸಿದೆವು.

ಬೆಂಗಳೂರಿನ ಮಕ್ಕಳ ವೈದ್ಯರು ಮೊದಲು ಕೇಳಿದ್ದು, "ತಾಯಿಹಾಲಿನ ಜೊತೆಗೆ ಏನನ್ನು ಶುರುಮಾಡಿದ ಮೇಲೆ ಹೀಗಾಯಿತು?" ಎಂದು. ಅರ್ಧ ರೋಗ ಆ ಪ್ರಶ್ನೆಗೇ ಸಿಕ್ಕಿತು. ಹಣ್ಣು, ಜೇನು, ಬೆಲ್ಲ, ಸಕ್ಕರೆಯಲ್ಲಿ ಫ್ರಕ್ಟೋಸ್ ಎಂಬುದಿದೆ. ಅದನ್ನು ಅರಗಿಸುವ ಆಲ್ಡೊಲೇಸ್-ಬಿ ಎಂಬ ಕಿಣ್ವ ಇಂಥ ಮಕ್ಕಳ ಪಿತ್ತಜನಕಾಂಗದಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಸಿಹಿ ತಿಂದರೆ ರಕ್ತದ ಸಕ್ಕರೆ ಇಳಿದುಹೋಗುತ್ತದೆ! ತಾಯಿಹಾಲಿನ ಸಕ್ಕರೆ ಬೇರೆ, ಅದರಿಂದ ತೊಂದರೆಯಿಲ್ಲ. 1956ರಲ್ಲಿ ಲಂಡನ್ನಿನ ವೈದ್ಯರು 24 ವರ್ಷದ ಹೆಣ್ಣುಮಗಳೊಬ್ಬಳಲ್ಲಿ ಇದನ್ನು ಮೊದಲು ಗುರುತಿಸಿದರಂತೆ. ಅಷ್ಟು ವರ್ಷ ಆಕೆಯ ಮಾತನ್ನು ಯಾರು ನಂಬಿದ್ದರೋ!

ಸಕ್ಕರೆಕಾಯಿಲೆಗೆ ಮೂತ್ರದಲ್ಲಿ ಅದ್ದುವ ಪಟ್ಟಿ ಇದನ್ನು ತೋರಿಸುವುದಿಲ್ಲ. ಮಗು ಸಿಹಿ ತಿಂದಿದ್ದ ಹೊತ್ತಿನ ಮೂತ್ರವನ್ನು ಬೆನೆಡಿಕ್ಟ್ ದ್ರಾವಣದಲ್ಲಿ ಕಾಯಿಸಿದರೆ ನೀಲಿ ಬಣ್ಣ ತಿರುಗಬಹುದು. ಅದು ಸೂಚನೆ ಮಾತ್ರ. ಖಚಿತವಾಗುವುದು ರಕ್ತ ಕೊಟ್ಟು ಮಾಡಿಸುವ ಜೀನ್ ಪರೀಕ್ಷೆಯಿಂದ. ಪರೀಕ್ಷಿಸೋಣವೆಂದು ಮನೆಯಲ್ಲಿ ಮತ್ತೆ ಸಿಹಿ ತಿನ್ನಿಸಿ ನೋಡಬೇಡಿ, ಪ್ರಾಣಕ್ಕೇ ಬರುತ್ತದೆ. ಆಸ್ಪತ್ರೆಗೆ ಸೇರಿಸುವಾಗ ಡ್ರಿಪ್ ಹಾಕುವ ಮುಂಚೆಯೇ ಈ ವಿಷಯ ಹೇಳಿ.

ತಂದೆತಾಯಿ ಇಬ್ಬರಲ್ಲೂ ದೋಷ ಅಡಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಬರುವ ಸಂಭವ. ಹೊರಸಂಬಂಧದಲ್ಲೂ ಬರಬಹುದು, ರಕ್ತಸಂಬಂಧದಲ್ಲಿ ಹೆಚ್ಚು. ಆ ಸಂಬಂಧ ಕೂಡಿಸಿದವನೂ ನಾನೇ.

ಸಿಹಿ ನಿಲ್ಲಿಸಿದ ಕೆಲವೇ ದಿನಗಳಲ್ಲಿ ವಾಂತಿ ನಿಂತಿತು. ಈಗ ಹುಡುಗನಿಗೆ ಏಳು ವರ್ಷ, ಒಂದು ಹಲ್ಲೂ ಹುಳುಕಿಲ್ಲ! ಈ ಉತ್ಸವದಿಂದ ಪಂಚಾಮೃತದ ಪಕ್ಕದಲ್ಲಿ ಮೊಸರನ್ನದ ಪಾತ್ರೆಯನ್ನೂ ಇಟ್ಟಿದ್ದೇವೆ. ಮಗು ಸಿಹಿ ಒಲ್ಲೆನೆಂದರೆ ಸಂಕೋಚವಿಲ್ಲದೆ ಕೇಳಿ, ಅರ್ಚಕರು ಅದನ್ನೇ ಪ್ರಸಾದವಾಗಿ ಕೊಡುತ್ತಾರೆ.