ಬಾವಂಚಿ ಬೀಜ ಮತ್ತು ಬಿಸಿಲು



ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಚರ್ಮರೋಗದ ಗೊಡವೆ ಏಕೆಂದು ನೀವು ಕೇಳಬಹುದು. ನನ್ನನ್ನು ಈ ಕಡೆಗೆ ಎಳೆದುದು ಒಂದು ಪದ. ಆಯುರ್ವೇದ ಗ್ರಂಥಗಳಲ್ಲಿ ‘ಕುಷ್ಠ’ವೆಂಬುದು ಒಂದೇ ರೋಗದ ಹೆಸರಲ್ಲ, 18 ಬಗೆಯ ಚರ್ಮವಿಕಾರಗಳಿಗೆ ಇಟ್ಟ ಒಟ್ಟು ಹೆಸರು. ಬರಬರುತ್ತ ಪದದ ಅರ್ಥ ಕಿರಿದಾಗಿ ಒಂದೇ ರೋಗಕ್ಕೆ ನಿಂತಿತು; ಅದರ ಹಿಂದಿನ ಭಯ ಮಾತ್ರ ಕಿರಿದಾಗಲಿಲ್ಲ.

ಆ ಭಯಕ್ಕೆ ಇಂದಿಗೂ ತುತ್ತಾಗಿರುವವರು ಸೋರಿಯಾಸಿಸ್ ಇರುವವರು. ಮೊಣಕೈ, ಮೊಣಕಾಲು, ನೆತ್ತಿಗಳಲ್ಲಿ ಚರ್ಮ ಕೆಂಪೇರಿ, ಬೆಳ್ಳಿಯ ಬಣ್ಣದ ಹೊಟ್ಟು ಉದುರುತ್ತದೆ. ಇದು ಅಂಟುಜಾಡ್ಯವಲ್ಲ. ದೇಹದ ರಕ್ಷಣಾಶಕ್ತಿಯೇ ದಾರಿ ತಪ್ಪಿ ಚರ್ಮದಲ್ಲಿ ಉರಿಯೂತವನ್ನು ಎಬ್ಬಿಸುತ್ತದೆ. ಸುಮಾರು ಒಂದು ತಿಂಗಳು ಹಿಡಿಯಬೇಕಾದ ಚರ್ಮಕೋಶಗಳ ಹುಟ್ಟು–ಉದುರು ಕೆಲವೇ ದಿನಗಳಲ್ಲಿ ಮುಗಿದುಹೋಗುತ್ತದೆ.

ಇದಕ್ಕೆ ದೊರೆತ ಮದ್ದುಗಳಲ್ಲೊಂದರ ಕಥೆ ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಬಾವಂಚಿ ಬೀಜವನ್ನು ಮುಟ್ಟುತ್ತದೆ. ಸಂಸ್ಕೃತದಲ್ಲಿ ಇದು ಬಾಕುಚಿ. ನಮ್ಮ ವೈದ್ಯರು ತೊನ್ನಿಗೆ ಇದನ್ನು ಕೊಟ್ಟು, ಬಿಸಿಲು ಕಾಯಿಸುತ್ತಿದ್ದರು. ಈಜಿಪ್ಟಿನಲ್ಲಿ ನೈಲ್ ನದಿಯ ಬಯಲಿನ ಬೇರೊಂದು ಗಿಡವನ್ನು ಅದೇ ರೋಗಕ್ಕೆ, ಅದೇ ಬಿಸಿಲಿನೊಡನೆ ಬಳಸುತ್ತಿದ್ದರು. ಎರಡು ನಾಡುಗಳ ಎರಡು ಗಿಡಗಳಲ್ಲಿಯೂ ಇದ್ದುದು ಸೋರಲೆನ್ ಎಂಬ ಒಂದೇ ಕುಲದ ವಸ್ತುಗಳು. ಬಾವಂಚಿಯ ಸಾರವನ್ನು ಜೋಯಿಸ್, ಮಂಜುನಾಥ್, ವೆಂಕಟರಾವ್ ಎಂಬ ನಮ್ಮ ರಸಾಯನಜ್ಞರು ಪರಿಶೋಧಿಸಿ 1933ರಲ್ಲಿ ಪ್ರಕಟಿಸಿದರು. ಕೈರೋದ ವೈದ್ಯ ಎಲ್ ಮೊಫ್ತಿ ಈಜಿಪ್ಟಿನ ಗಿಡದ ಸಾರವನ್ನು ತೊನ್ನಿನ ಮೇಲೆ ಪ್ರಯೋಗಿಸಿ 1948ರಲ್ಲಿ ವರದಿ ಮಾಡಿದರು. 1974ರಲ್ಲಿ ಅಮೆರಿಕದ ವೈದ್ಯರು ಅದೇ ಕುಲದ ಔಷಧವನ್ನು ನುಂಗಿಸಿ, ಅಳತೆಯ ಅತಿನೇರಳೆ ಬೆಳಕಿಗೆ ಒಡ್ಡಿ, ಸೋರಿಯಾಸಿಸ್ಸನ್ನು ಹತೋಟಿಗೆ ತಂದರು. ಬೆಳಕು ಬಿದ್ದಾಗ ಸೋರಲೆನ್ ಕೋಶದ ಡಿಎನ್‌ಎ ಎಳೆಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಕೋಶಗಳ ಅವಸರದ ಬೆಳವಣಿಗೆ ತಗ್ಗುತ್ತದೆ.

ಆದರೆ ಗುಣ ಮಾಡುವ ಈ ಕ್ರಿಯೆಯೇ ಹಾನಿಯನ್ನೂ ಮಾಡಬಲ್ಲದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ‘ಗಿಡಮೂಲಿಕೆ ತಾನೆ ಸಾರ್, ಅದರಿಂದೇನು ಅಪಾಯ?’ ಎಂದು ಬಾವಂಚಿ ಎಣ್ಣೆ ಸವರಿಕೊಂಡು ನಡುಹಗಲ ಬಿಸಿಲಿನಲ್ಲಿ ಕುಳಿತ. ಮರುದಿನಗಳಲ್ಲಿ ತೋಳುಗಳೆರಡೂ ಬೊಬ್ಬೆಯೆದ್ದವು. ಆಸ್ಪತ್ರೆಯಲ್ಲಿ ಅಳತೆಯಿಟ್ಟು ಕೊಟ್ಟ ಚಿಕಿತ್ಸೆ ಕೂಡ ಬಹುಕಾಲ ಮುಂದುವರಿದರೆ ಚರ್ಮದ ಕ್ಯಾನ್ಸರಿನ ಸಂಭವ ಹೆಚ್ಚುತ್ತದೆ. ಅದರಿಂದಲೇ ಇಂದು ಸೋರಲೆನ್ ಇಲ್ಲದ, ಬರಿಯ ಬೆಳಕಿನ ಇನ್ನೊಂದು ಚಿಕಿತ್ಸೆಗೆ ವೈದ್ಯರು ಹೆಚ್ಚಾಗಿ ಮೊರೆಹೋಗುತ್ತಾರೆ.

ಹಿರಿಯರ ಅರಿವನ್ನು ಕಣ್ಣು ಮುಚ್ಚಿ ನಂಬುವುದೂ ಅಲ್ಲ, ಮೂಗು ಮುರಿಯುವುದೂ ಅಲ್ಲ. ಅದನ್ನು ಪರೀಕ್ಷೆಗೊಡ್ಡುವುದೇ ಅದಕ್ಕೆ ಸಲ್ಲಿಸುವ ಗೌರವ. ಬೀಜ ಮತ್ತು ಔಷಧಗಳ ನಡುವಿನ ಅಂತರವೆಂದರೆ ಪ್ರಮಾಣ, ಬೆಳಕಿನ ಅಳತೆ, ವೈದ್ಯರ ಕಣ್ಗಾವಲು. ಈ ಅಂತರವನ್ನು ರೋಗಿ ಒಬ್ಬನೇ ದಾಟಬಾರದು.

ಇನ್ನು ನಮ್ಮ ನಿಮ್ಮಂಥವರು ಕೊಡಬಹುದಾದ ಮದ್ದೊಂದಿದೆ. ಅದಕ್ಕೆ ಪ್ರಮಾಣದ ಭಯವಿಲ್ಲ. ಬಸ್ಸಿನಲ್ಲಿ ಅಂಥವರ ಪಕ್ಕದ ಜಾಗ ಖಾಲಿಯಿದ್ದರೆ, ಸಂಕೋಚವಿಲ್ಲದೆ ಹೋಗಿ ಕುಳಿತುಕೊಳ್ಳೋಣ.