ಮಂಗನ ಕಾಯಿಲೆ ಮತ್ತು ಕಾಡಿಗೆ ಹೋಗುವವರು
(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲ ಹಳ್ಳಿಗಳಲ್ಲಿ ಮನುಷ್ಯರೂ ಸತ್ತರು. ಜನ ಅದನ್ನು ಮಂಗನ ಕಾಯಿಲೆ ಎಂದರು. ಆದರೆ ಮಂಗ ಅಪರಾಧಿಯಲ್ಲ. ನಮ್ಮಂತೆ ಅದೂ ರೋಗಕ್ಕೆ ಬಲಿ. ರೋಗವನ್ನು ದಾಟಿಸುವುದು ಉಣುಗು. ಸತ್ತ ಮಂಗನ ಮೈಯಿಂದ ಉದುರಿದ ಉಣುಗುಗಳು ತರಗೆಲೆಯಲ್ಲಿ ಅಡಗಿದ್ದು, ಅಲ್ಲಿ ಓಡಾಡುವವರಿಗೆ ಹತ್ತುತ್ತವೆ. ಎಳೆಯ ಉಣುಗು ಎಳ್ಳಿಗಿಂತ ಚಿಕ್ಕದು. ಕಚ್ಚಿದ 3ರಿಂದ 8 ದಿನಗಳಲ್ಲಿ ಜ್ವರ, ತಲೆನೋವು, ಮೈಕೈ ನೋವು. ಕಾಯಿಲೆ ಬಿದ್ದ 100 ಮಂದಿಯಲ್ಲಿ 3ರಿಂದ 5 ಮಂದಿ ಸಾಯುತ್ತಾರೆ.

ಯಾರು ಇವರು? ಸೌದೆಗೆ, ತರಗೆಲೆಗೆ, ದನ ಮೇಯಿಸಲು ಕಾಡಿಗೆ ಹೋಗದೆ ಗತ್ಯಂತರವಿಲ್ಲದವರು. ಡಿಸೆಂಬರಿನಿಂದ ಮೇವರೆಗೆ ಉಣುಗಿನ ಕಾಲ. ಎಲೆ ಗುಡಿಸುವ ಕಾಲವೂ ಅದೇ. ಕಾಡಿಗೆ ಹೋಗಬೇಡಿರೆಂದು ಡಂಗುರ ಹೊಡೆಸಿದರೆ ಅವರ ಒಲೆ ಉರಿಯುವುದೇ?

ಹಳೆಯ ಲಸಿಕೆಯನ್ನು ಸತ್ವ ಸಾಲದೆಂದು 2022ರಲ್ಲಿ ನಿಲ್ಲಿಸಲಾಯಿತು. ಈ ರೋಗಕ್ಕೆಂದೇ ಮದ್ದಿಲ್ಲ. ಬೇಗ ಸಿಗುವ ಆರೈಕೆಯೇ ಜೀವ ಉಳಿಸುವುದು. ಆದ್ದರಿಂದ ನಾವು ಕೇಳುವುದಿಷ್ಟು: ಮಳೆಗಾಲ ಮುಗಿಯುತ್ತಲೇ ಮನೆಮನೆಗೆ ಉಣುಗು ತಡೆಯುವ ಎಣ್ಣೆ, ಹತ್ತಿರದಲ್ಲೇ ರಕ್ತಪರೀಕ್ಷೆ, ಹಾಸಿಗೆ ಹಿಡಿದ ಕೂಲಿಗಾರನಿಗೆ ಆ ದಿನಗಳ ಕೂಲಿ.

ಊರಿನಲ್ಲಿರುವ ನಿಮ್ಮವರಿಗೆ, ಸಂತೆಗೆ ಬರುವ ಗಿರಾಕಿಗಳಿಗೆ ತಿಳಿಸಿರಿ: ಸತ್ತ ಮಂಗನನ್ನು ಮುಟ್ಟಬಾರದು, ಕೂಡಲೇ ಆಸ್ಪತ್ರೆಗೆ ಸುದ್ದಿ ಕೊಡಬೇಕು. ಕಾಡಿನಿಂದ ಬಂದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಬೇಕು. ಇದು ಮನುಷ್ಯನಿಂದ ಮನುಷ್ಯನಿಗೆ ಅಂಟುವ ರೋಗವಲ್ಲ, ರೋಗಿಯನ್ನು ದೂರವಿಡಬೇಡಿರಿ.