ಬ್ಯಾಗ್ ರೆಡಿ, ಮಗು ರೆಡಿನಾ?

ಏಪ್ರಿಲ್ ಎರಡನೇ ವಾರ ಬಂತು ಅಂದ್ರೆ ಸಾಕು, ಅಪ್ಪ-ಅಮ್ಮಂದಿರ ವಾಟ್ಸಾಪ್ ತುಂಬ ಬೇಸಿಗೆ ಶಿಬಿರದ ಪೋಸ್ಟರ್‌ಗಳು. ಸಕಲೇಶಪುರದಲ್ಲಿ ಐದು ದಿನ. ದಾಂಡೇಲಿಯಲ್ಲಿ ಒಂದು ವಾರ. ರಾಮನಗರದ ಬೆಟ್ಟದ ಬುಡದಲ್ಲಿ ಟೆಂಟು, ರಾತ್ರಿ ಕ್ಯಾಂಪ್ ಫೈರ್, ಬೆಳಗ್ಗೆ ಟ್ರೆಕ್ಕಿಂಗ್. ಮೊಬೈಲ್ ಇಲ್ಲ, ಟಿವಿ ಇಲ್ಲ. ಒಳ್ಳೇದೇ ಅಲ್ವಾ? ಖಂಡಿತ ಒಳ್ಳೇದೇ. ದಿನವಿಡೀ ಸೋಫಾ ಮೇಲೆ ಮೊಬೈಲ್ ಹಿಡ್ಕೊಂಡು ಕೂರೋ ಮಗು ನಾಲ್ಕು ದಿನ ಮಣ್ಣಲ್ಲಿ ಆಡಿ ಬರಲಿ, ತನ್ನ ತಟ್ಟೆ ತಾನೇ ತೊಳೆಯೋದು ಕಲಿಯಲಿ. ಇದಕ್ಕೆ ಯಾರ ತಕರಾರೂ ಇಲ್ಲ.

ದುಡ್ಡು ಕಟ್ಟಿದ್ದಾಯ್ತು. ಈಗ ಶುರುವಾಗುತ್ತೆ ನೋಡಿ ಮನೆಯಲ್ಲಿ ತಯಾರಿ. ಹೊಸ ಬ್ಯಾಗು, ಹೊಸ ಶೂ, ಟಾರ್ಚು, ಟೋಪಿ, ಸೊಳ್ಳೆ ಕ್ರೀಮು. ಅಜ್ಜಿ ಕಡೆಯಿಂದ ಒಂದು ಡಬ್ಬ ಕೋಡುಬಳೆ. ಕೊನೆಗೆ ಬ್ಯಾಗಿನ ಜಿಪ್ ಎಳೆಯೋಕೆ ಇಬ್ಬರು ಬೇಕು. ಬಸ್ಸು ಹತ್ತಿಸುವಾಗ ಅಮ್ಮ ಹೇಳೋ ಕೊನೇ ಮಾತು ಏನು? "ಸರ್ ಹೇಳಿದ ಮಾತು ಕೇಳು ಪುಟ್ಟ, ಗಲಾಟೆ ಮಾಡ್ಬೇಡ."

ಇವತ್ತು ನಾನು ಮಾತಾಡಬೇಕು ಅಂತಿರೋದು ಈ ಕೊನೇ ಮಾತಿನ ಬಗ್ಗೆ. ಬ್ಯಾಗೇನೋ ರೆಡಿ ಆಗಿದೆ. ಮಗು ರೆಡಿ ಆಗಿದೆಯಾ? ಅದಕ್ಕಿಂತ ಮುಖ್ಯವಾಗಿ, ನಾವು ರೆಡಿ ಆಗಿದ್ದೀವಾ?

ಮಗುವಿನ ವಿಷಯಕ್ಕೆ ಬರೋಕೆ ಮುಂಚೆ ದೊಡ್ಡವರ ಕೆಲಸ ಒಂದಿದೆ. ಫ್ರಿಜ್ ಕೊಳ್ಳುವಾಗ ವಾರಂಟಿ ಎಷ್ಟು ವರ್ಷ, ಸರ್ವೀಸ್ ಸೆಂಟರ್ ಎಲ್ಲಿದೆ ಅಂತ ಹತ್ತು ಪ್ರಶ್ನೆ ಕೇಳ್ತೀವಿ. ಮಗುವನ್ನು ನಾಲ್ಕು ರಾತ್ರಿ ಪರಿಚಯವಿಲ್ಲದವರ ಕೈಗೆ ಒಪ್ಪಿಸುವಾಗ ಏನು ಕೇಳ್ತೀವಿ? ಊಟ ವೆಜ್ಜಾ, ನಾನ್‌ವೆಜ್ಜಾ? ದಿನಾ ಫೋಟೋ ಕಳಿಸ್ತೀರಾ? ಅಷ್ಟೇ.

ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಮಕ್ಕಳು ರಾತ್ರಿ ಎಲ್ಲಿ ಮಲಗ್ತಾರೆ? ಅವರ ಜೊತೆ ಯಾರಿರ್ತಾರೆ? ಹೆಣ್ಣುಮಕ್ಕಳಿದ್ದರೆ ರಾತ್ರಿಯೂ ಅಲ್ಲೇ ಇರುವ ಮಹಿಳಾ ಸಿಬ್ಬಂದಿ ಇದ್ದಾರಾ? ಟಾಯ್ಲೆಟ್ ಎಷ್ಟು ದೂರ, ಅಲ್ಲಿಗೆ ಹೋಗೋ ದಾರಿಯಲ್ಲಿ ಲೈಟ್ ಇದೆಯಾ? ಹತ್ತಿರದ ಆಸ್ಪತ್ರೆ ಯಾವುದು, ಮಧ್ಯರಾತ್ರಿ ಬೇಕಾದರೆ ಗಾಡಿ ಇದೆಯಾ? ಮಕ್ಕಳನ್ನು ನೀರಿಗೆ ಇಳಿಸ್ತೀರಾ? ಇಳಿಸೋದಾದರೆ ಲೈಫ್ ಜಾಕೆಟ್ ಇದೆಯಾ, ಈಜು ಬಲ್ಲವರು ಎಷ್ಟು ಜನ ನಿಂತಿರ್ತಾರೆ?

ಈ ನೀರಿನ ಪ್ರಶ್ನೆಯನ್ನು ಒತ್ತಿ ಕೇಳ್ತಿರೋದಕ್ಕೆ ಕಾರಣ ಇದೆ. 2024ರ ಡಿಸೆಂಬರ್ 10. ಮುರುಡೇಶ್ವರ. ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದರು. ಬಯಲುಸೀಮೆಯ ಮಕ್ಕಳು. ಸಮುದ್ರ ನೋಡಬೇಕು ಅಂತ ಆಸೆಯಿಂದ ಹೊರಟವರು. ಆ ಸುದ್ದಿ ಓದುವಾಗ ಈ ಸ್ಟುಡಿಯೋದಲ್ಲಿ ಯಾರ ಬಾಯಲ್ಲೂ ಮಾತಿರಲಿಲ್ಲ. ಅದು ಬೇಸಿಗೆ ಶಿಬಿರ ಅಲ್ಲ, ಶಾಲೆಯ ಪ್ರವಾಸ. ಆದರೆ ಪ್ರಶ್ನೆ ಒಂದೇ ತಾನೆ? ನೀರಿನ ಹತ್ತಿರ ಮಕ್ಕಳಿದ್ದಾಗ ಅವರ ಮೇಲೆ ಯಾರ ಕಣ್ಣಿತ್ತು?

ಇನ್ನು ಹೆಸರು. ದೊಡ್ಡ ಹೆಸರಿನ ಶಿಬಿರ, ಏನೂ ಆಗಲ್ಲ ಅಂತೀರಾ? ಅಮೆರಿಕದ ಟೆಕ್ಸಾಸ್‌ನಲ್ಲಿ ಕ್ಯಾಂಪ್ ಮಿಸ್ಟಿಕ್ ಅನ್ನೋ ಹೆಣ್ಣುಮಕ್ಕಳ ಬೇಸಿಗೆ ಶಿಬಿರ. 1926ರಲ್ಲಿ ಶುರುವಾದದ್ದು. 2025ರ ಜುಲೈ 4ರ ನಸುಕಿನಲ್ಲಿ, ಮಕ್ಕಳು ಮಲಗಿದ್ದ ಹೊತ್ತಲ್ಲಿ, ಪಕ್ಕದ ಗ್ವಾಡಲೂಪ್ ನದಿ ಉಕ್ಕಿ ಬಂತು. ಮಕ್ಕಳು ಮತ್ತು ಅವರನ್ನು ನೋಡಿಕೊಳ್ಳುತ್ತಿದ್ದ ಯುವತಿಯರು ಸೇರಿ 27 ಜನ ಹೋದರು. ಸುಮಾರು ನೂರು ವರ್ಷದ ಹೆಸರು ಆ ರಾತ್ರಿ ಕೈಹಿಡಿಯಲಿಲ್ಲ. ನಮ್ಮಲ್ಲೂ ಏಪ್ರಿಲ್, ಮೇ ಅಂದರೆ ಗುಡುಗು, ಸಿಡಿಲು, ಆಲಿಕಲ್ಲು ಮಳೆಯ ಕಾಲ. ಟೆಂಟು ಹಳ್ಳದ ಪಕ್ಕ ಇದೆಯಾ? ಸಿಡಿಲು ಹೊಡೆಯೋಕೆ ಶುರುವಾದರೆ ಮಕ್ಕಳನ್ನು ಕೂಡಿಸೋಕೆ ಗಟ್ಟಿಯಾದ ಕಟ್ಟಡ ಇದೆಯಾ? ಕೇಳಿ. ಸಂಕೋಚ ಬೇಡ.

ಇನ್ನೊಂದು ಪ್ರಶ್ನೆ ಇದೆ. ಇದನ್ನು ಕೇಳೋಕೆ ನಮಗೆ ಮುಜುಗರ. ನಿಮ್ಮ ಸಿಬ್ಬಂದಿಯ ಪೊಲೀಸ್ ವೆರಿಫಿಕೇಶನ್ ಆಗಿದೆಯಾ? ಇದು ಅನುಮಾನದ ಮಾತಲ್ಲ, ಕಾನೂನಿನ ಮಾತು. 2020ರ ಪೋಕ್ಸೊ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ: ಮಕ್ಕಳು ಉಳಿಯುವ ಅಥವಾ ಮಕ್ಕಳ ಜೊತೆ ನಿಯಮಿತವಾಗಿ ಸಂಪರ್ಕ ಇರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮಾಡಿಸಬೇಕು. ಕಾಯಂ ಇರಲಿ, ಗುತ್ತಿಗೆ ಇರಲಿ, ಎಲ್ಲರದ್ದೂ. ಮಗುವಿನ ಮೇಲೆ ದೌರ್ಜನ್ಯ ಆಗಿದ್ದು ಗೊತ್ತಿದ್ದೂ ಸಂಸ್ಥೆಯ ಮುಖ್ಯಸ್ಥ ಪೊಲೀಸರಿಗೆ ತಿಳಿಸದೆ ಮುಚ್ಚಿಟ್ಟರೆ ಅವನಿಗೂ ಒಂದು ವರ್ಷದವರೆಗೆ ಜೈಲು. ಈ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡುವ ಶಿಬಿರಕ್ಕೆ ಕಳಿಸಿ. ಮುಖ ಸಿಂಡರಿಸಿದರೆ? ಅದೇ ಉತ್ತರ ಅಂದುಕೊಳ್ಳಿ.

ಸರಿ, ಶಿಬಿರ ಒಳ್ಳೇದೇ. ಈಗ ಮಗುವಿನ ವಿಷಯ.

ಹಿಂದೆ ಬೇಸಿಗೆ ರಜೆ ಅಂದರೆ ಅಜ್ಜಿ ಮನೆ. ಅಪ್ಪ ಬಸ್ಸಲ್ಲಿ ಕರ್ಕೊಂಡು ಹೋಗಿ ಬಿಟ್ಟು ಬರೋರು. ಮೊದಲ ರಾತ್ರಿ ಮಗು ಮುಸಿಮುಸಿ ಅಳೋದು, ಮೂರನೇ ದಿನ ಮಾವಿನ ತೋಪಲ್ಲಿ ಮಂಗನ ಹಾಗೆ ಕುಣಿಯೋದು. ಅಮ್ಮ ಇಲ್ಲದೆ ನಿದ್ದೆ ಮಾಡೋದನ್ನ ಆ ತಲೆಮಾರು ಕಲಿತದ್ದು ಅಲ್ಲಿ. ಇವತ್ತಿನ ಎಷ್ಟೋ ಮಕ್ಕಳು ಹತ್ತು ವರ್ಷ ಆದ್ರೂ ಒಂದು ರಾತ್ರಿ ಕೂಡ ಅಪ್ಪ-ಅಮ್ಮನ ಬಿಟ್ಟು ಮಲಗಿಲ್ಲ. ಅಂಥ ಮಗುವನ್ನು ಏಕಾಏಕಿ ಕಾಡಿನ ಟೆಂಟಿಗೆ ಕಳಿಸೋದು ಈಜು ಬಾರದವನನ್ನು ಬಾವಿಗೆ ತಳ್ಳಿದ ಹಾಗೆ.

ಹಾಗಾಗಿ ಮೊದಲು ರಿಹರ್ಸಲ್ ಮಾಡಿ. ಎರಡು ರಾತ್ರಿ ಅಜ್ಜಿ ಮನೆಗೋ, ಚಿಕ್ಕಮ್ಮನ ಮನೆಗೋ ಕಳಿಸಿ. ನೀವು ಜೊತೆಗೆ ಹೋಗಬೇಡಿ. ಗಂಟೆಗೊಂದು ವಿಡಿಯೋ ಕಾಲ್ ಮಾಡಬೇಡಿ. ಅಲ್ಲಿ ಮಗು ತಾನೇ ಸ್ನಾನ ಮಾಡಲಿ, ತಲೆ ಬಾಚಲಿ, ಒದ್ದೆ ಟವಲ್ ಒಣಗಿಸಲಿ. ಬ್ಯಾಗನ್ನೂ ಅಮ್ಮ ತುಂಬಬಾರದು, ಮಗುವೇ ತುಂಬಬೇಕು, ಅಮ್ಮ ಪಕ್ಕದಲ್ಲಿ ಕೂತಿರಬೇಕು. ಇಲ್ಲದಿದ್ದರೆ ಏನಾಗುತ್ತೆ ಗೊತ್ತಾ? ಟೂತ್‌ಬ್ರಷ್ ಬ್ಯಾಗಲ್ಲೇ ಇರುತ್ತೆ, ಯಾವ ಜೇಬಲ್ಲಿದೆ ಅಂತ ಮಗುವಿಗೆ ಗೊತ್ತಿರಲ್ಲ. ನಾಲ್ಕು ದಿನ ಹಲ್ಲುಜ್ಜದೆ ವಾಪಸ್ ಬರುತ್ತೆ.

ಇನ್ನು ಮನೆ ನೆನಪು. ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆ, ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, 2007ರಲ್ಲಿ ಇದೊಂದೇ ವಿಷಯದ ಮೇಲೆ ವೈದ್ಯರಿಗಾಗಿ ವರದಿ ಪ್ರಕಟಿಸಿತು. ಬರೆದವರು ಕ್ರಿಸ್ಟೋಫರ್ ಥರ್ಬರ್ ಮತ್ತು ಎಡ್ವರ್ಡ್ ವಾಲ್ಟನ್. ಅದರ ಸಾರ ಇಷ್ಟು: ಮನೆ ಬಿಟ್ಟು ಹೋದ ಮಗುವಿಗೆ ಮನೆ ನೆನಪಾಗೋದು ಸಹಜ, ಬಹುಪಾಲು ಮಕ್ಕಳಿಗೆ ಆಗುತ್ತೆ. ಹೋಗೋ ತೀರ್ಮಾನದಲ್ಲಿ ಮಗುವೂ ಪಾಲುದಾರ ಆಗಿದ್ದರೆ, ಮೊದಲೇ ಅಭ್ಯಾಸ ಆಗಿದ್ದರೆ ಅದು ಹಗುರಾಗುತ್ತೆ. ಮತ್ತೊಂದು ಮಾತು, ಇದನ್ನು ಗಮನಿಸಿ. ಬೇಜಾರಾದ್ರೆ ಫೋನ್ ಮಾಡು, ತಕ್ಷಣ ಬಂದು ಕರ್ಕೊಂಡು ಹೋಗ್ತೀನಿ ಅಂತ ಮಾತು ಕೊಡಬೇಡಿ ಅನ್ನುತ್ತೆ ಆ ವರದಿ.

ಯಾಕೆ? ಆ ಮಾತಲ್ಲಿ ಮಗುವಿಗೆ ಕೇಳಿಸೋದು ಪ್ರೀತಿ ಅಲ್ಲ. ಓಹೋ, ನನ್ನ ಕೈಲಿ ಆಗಲ್ಲ ಅಂತ ಅಮ್ಮನಿಗೇ ಅನ್ನಿಸಿದೆ ಅನ್ನೋದು ಕೇಳಿಸುತ್ತೆ. ಮೊದಲ ರಾತ್ರಿಯಿಂದಲೇ ಅದು ಫೋನಿಗೆ ಕಾಯುತ್ತೆ. ಬದಲಿಗೆ ಹೀಗೆ ಹೇಳಿ: "ಮನೆ ನೆನಪಾಗುತ್ತೆ ಕಂದ, ರಾತ್ರಿ ಜಾಸ್ತಿ ಆಗುತ್ತೆ. ಅಳು ಬಂದ್ರೆ ಅಳು, ತಪ್ಪಿಲ್ಲ. ಪಕ್ಕದಲ್ಲಿರೋ ಫ್ರೆಂಡ್ ಹತ್ರ ಮಾತಾಡು, ಅಕ್ಕನ ಹತ್ರ ಹೇಳು. ಬೆಳಗ್ಗೆ ಆಟಕ್ಕೆ ಇಳಿದ್ರೆ ಕಡಿಮೆ ಆಗುತ್ತೆ." ಬರೆಯೋಕೆ ಬರೋ ಮಗು ಆದ್ರೆ ಒಂದು ನೋಟ್‌ಬುಕ್ ಇಟ್ಟು ಕಳಿಸಿ. ನೀವೂ ಒಂದು ಚೀಟಿ ಬರೆದು ಬ್ಯಾಗಲ್ಲಿ ಹಾಕಿ. ಆದರೆ ಅದರಲ್ಲಿ, ನೀನಿಲ್ದೆ ಮನೆ ಬಿಕೋ ಅಂತಿದೆ, ಅಜ್ಜಿ ಊಟನೇ ಮಾಡ್ತಿಲ್ಲ ಅಂತೆಲ್ಲ ಬರೀಬೇಡಿ. ನಿಮ್ಮ ಸಂಕಟವನ್ನು ಮಗುವಿನ ಬ್ಯಾಗಿಗೆ ತುಂಬಬೇಡಿ. ಹಾಂ, ಗ್ರೂಪಲ್ಲಿ ಬರೋ ಫೋಟೋ ಜೂಮ್ ಮಾಡಿ, ಇವನ್ಯಾಕೆ ನಗ್ತಿಲ್ಲ ಅಂತ ಕ್ಯಾಂಪಿನವರಿಗೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡೋದನ್ನೂ ಬಿಡಿ.

ಈಗ ಆ ಕೊನೇ ಮಾತಿಗೆ ಬರ್ತೀನಿ. ಸರ್ ಹೇಳಿದ ಮಾತು ಕೇಳು.

ನಮ್ಮ ಮನೆಗಳಲ್ಲಿ ಒಳ್ಳೇ ಮಗು ಅಂದರೆ ಯಾರು? ಹೇಳಿದ್ದು ಕೇಳೋ ಮಗು. ದೊಡ್ಡವರಿಗೆ ಎದುರಾಡದ ಮಗು. ಹುಟ್ಟಿದಾಗಿನಿಂದ ಇದೇ ಪಾಠ. ಅದೇ ಮಗು ಮನೆಯಿಂದ ಇನ್ನೂರು ಕಿಲೋಮೀಟರ್ ದೂರದಲ್ಲಿ, ಕತ್ತಲಲ್ಲಿ, ಒಬ್ಬ ದೊಡ್ಡ ಮನುಷ್ಯ, ಇದು ನಮ್ಮಿಬ್ಬರ ಸೀಕ್ರೆಟ್ಟು, ಯಾರಿಗೂ ಹೇಳ್ಬೇಡ ಅಂದರೆ ಏನು ಮಾಡುತ್ತೆ? ಹೇಳಿದ್ದು ಕೇಳುತ್ತೆ. ನಾವೇ ಕಲಿಸಿದ್ದು ತಾನೆ?

ಹಾಗಾದ್ರೆ ಮಗುವಿಗೆ ಎರಡು ಬೇರೆ ಬೇರೆ ವಿಷಯ ಬಿಡಿಸಿ ಹೇಳಬೇಕು. ಬೇಜಾರು ಬೇರೆ, ಅಪಾಯ ಬೇರೆ. ಮನೆ ನೆನಪಾಯ್ತು, ಊಟ ರುಚಿಸಲಿಲ್ಲ, ಫ್ರೆಂಡ್ ಟೂ ಬಿಟ್ಟ. ಇದು ಬೇಜಾರು. ಸ್ವಲ್ಪ ತಡ್ಕೋ, ಸರಿಹೋಗುತ್ತೆ. ಆದರೆ ಮುಟ್ಟಬಾರದ ಕಡೆ ಯಾರಾದ್ರೂ ಮುಟ್ಟಿದ್ರು, ಬಟ್ಟೆ ಬಿಚ್ಚು ಅಂದ್ರು, ಹೊಡೆದ್ರು, ನೀರಿಗೆ ಇಳಿ ಅಂತ ಬಲವಂತ ಮಾಡಿದ್ರು, ಮನೇಲಿ ಹೇಳ್ಬೇಡ ಅಂದ್ರು. ಇದು ಅಪಾಯ. ಇಲ್ಲಿ ತಡ್ಕೋಬೇಡ. ಕಿರುಚು, ಓಡು, ಹೇಳು. ಅದು ಸರ್ ಆಗಿರಲಿ, ಸೀನಿಯರ್ ಹುಡುಗ ಆಗಿರಲಿ, ಅಡುಗೆಯವನಾಗಿರಲಿ. ಒಬ್ಬರು ನಂಬದಿದ್ರೆ ಇನ್ನೊಬ್ಬರಿಗೆ ಹೇಳು. ಯಾರೂ ನಂಬದಿದ್ರೆ ನಮಗೆ ಹೇಳು. ನಾವು ನಂಬ್ತೀವಿ, ಬೈಯಲ್ಲ, ಎಷ್ಟೊತ್ತಿಗಾದ್ರೂ ಬರ್ತೀವಿ.

ಈಗ ನೋಡಿ, ಬರ್ತೀವಿ ಅನ್ನೋ ಮಾತು ಇಲ್ಲಿದೆ. ಬೇಜಾರಿಗೆ ಕೊಡಬಾರದ ಮಾತನ್ನು ಅಪಾಯಕ್ಕೆ ಕೊಡಲೇಬೇಕು. ಅಪ್ಪ-ಅಮ್ಮ ಇಬ್ಬರ ನಂಬರನ್ನೂ ಬಾಯಿಪಾಠ ಮಾಡಿಸಿ. ಮೊಬೈಲಲ್ಲಿ ಸೇವ್ ಆಗಿದೆ ಅಂದರೆ ಪ್ರಯೋಜನ ಇಲ್ಲ, ಮೊಬೈಲೇ ಇರಲ್ಲ ಅಲ್ಲಿ. ಜೊತೆಗೆ ಮಕ್ಕಳ ಸಹಾಯವಾಣಿ 1098, ಇದಕ್ಕೆ ದುಡ್ಡು ಬೀಳಲ್ಲ. ಒಂದೇ ದಿನ ಕೂರಿಸಿ ಭಾಷಣ ಮಾಡಬೇಡಿ, ಮಗು ಹೆದರುತ್ತೆ. ಊಟ ಮಾಡುವಾಗ, ಗಾಡಿಯಲ್ಲಿ ಹೋಗುವಾಗ ಸಣ್ಣ ಸಣ್ಣ ಪ್ರಶ್ನೆ ಹಾಕಿ. ರಾತ್ರಿ ಟಾರ್ಚ್ ಕೆಟ್ಟೋಯ್ತು, ಏನು ಮಾಡ್ತೀಯ? ಗುಂಪಿಂದ ತಪ್ಪಿಸ್ಕೊಂಡೆ, ಏನು ಮಾಡ್ತೀಯ? ಯಾರಾದ್ರೂ ಸೀಕ್ರೆಟ್ ಅಂದ್ರೆ? ಉತ್ತರ ಅದರ ಬಾಯಿಂದಲೇ ಬರಲಿ.

ಮೈಗೆ ಸಂಬಂಧಪಟ್ಟ ನಾಲ್ಕು ಮಾತು. ಹಾಸಿಗೆ ಒದ್ದೆ ಮಾಡೋ ಅಭ್ಯಾಸ. ಏಳು ವರ್ಷದ ನೂರು ಮಕ್ಕಳಲ್ಲಿ ಐದರಿಂದ ಹತ್ತು ಮಕ್ಕಳಿಗೆ ಇದು ಇರುತ್ತೆ. ಮುಚ್ಚಿಡಬೇಡಿ. ಶಿಬಿರದ ಒಬ್ಬ ಹಿರಿಯರಿಗೆ ಗುಟ್ಟಾಗಿ ತಿಳಿಸಿ, ಒಂದು ಪ್ಲಾಸ್ಟಿಕ್ ಶೀಟು, ಎರಡು ಜೊತೆ ಹೆಚ್ಚಿನ ಬಟ್ಟೆ ಇಡಿ. ಅವಮಾನ ಆಗೋದು ಹಾಸಿಗೆ ಒದ್ದೆಯಾದಾಗ ಅಲ್ಲ, ಎಲ್ಲರೂ ನಕ್ಕಾಗ. ಹತ್ತು ದಾಟಿದ ಮಗಳಿದ್ದರೆ ಮುಟ್ಟಿನ ಬಗ್ಗೆ ಮೊದಲೇ ಮಾತಾಡಿ, ಇನ್ನೂ ಶುರುವಾಗದಿದ್ದರೂ ಪ್ಯಾಡ್ ಇಟ್ಟು ಕಳಿಸಿ. ಔಷಧಿ ಇದ್ದರೆ ಸ್ಟ್ರಿಪ್ ಸಮೇತ, ಎಷ್ಟು ಹೊತ್ತಿಗೆ ಎಷ್ಟು ಅಂತ ಕನ್ನಡದಲ್ಲಿ ಬರೆದು ಶಿಬಿರದವರ ಕೈಗೇ ಕೊಡಿ. ಆಸ್ತಮಾ ಇದ್ದರೆ ಇನ್‌ಹೇಲರ್ ಮಾತ್ರ ಮಗುವಿನ ಹತ್ತಿರವೇ ಇರಬೇಕು.

ಮಲೆನಾಡಿನ ಶಿಬಿರ ಆದ್ರೆ ಇನ್ನೊಂದು ಎಚ್ಚರ. ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ರೋಗ. ಉಣ್ಣೆ ಹುಳು ಕಚ್ಚಿದರೆ ಬರುತ್ತೆ. ಬೇಸಿಗೆ ಅದರ ಹಾವಳಿಯ ಕಾಲವೇ. ತುಂಬು ತೋಳಿನ ಅಂಗಿ, ಪೂರ್ತಿ ಪ್ಯಾಂಟು, ಕಾಡಿಂದ ಬಂದ ಮೇಲೆ ಸ್ನಾನ, ಮೈ ತಪಾಸಣೆ, ತರಗೆಲೆ ಮೇಲೆ ಕೂರಬಾರದು. ಇಷ್ಟು ಮಗುವಿಗೆ ಗೊತ್ತಿರಲಿ. ಊರಿಗೆ ಬಂದ ವಾರ ಹತ್ತು ದಿನದಲ್ಲಿ ಜೋರು ಜ್ವರ ಬಂದರೆ, ಕಾಡಿಗೆ ಹೋಗಿದ್ದ ಅಂತ ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ.

ಕೊನೆಯದಾಗಿ, ಮಗು ವಾಪಸ್ ಬಂದ ದಿನ. ಎಷ್ಟು ಪ್ರೈಜ್ ಬಂತು, ಫೋಟೋದಲ್ಲಿ ಯಾಕೆ ಹಿಂದೆ ನಿಂತಿದ್ದೆ, ಈ ಪ್ರಶ್ನೆಗಳನ್ನು ಬಿಟ್ಟುಬಿಡಿ. ಏನು ಇಷ್ಟ ಆಯ್ತು, ಏನು ಇಷ್ಟ ಆಗಲಿಲ್ಲ ಅಂತ ಕೇಳಿ, ಸುಮ್ಮನೆ ಕೂತ್ಕೊಳ್ಳಿ. ಉತ್ತರ ಆ ದಿನ ಬರದೇ ಇರಬಹುದು. ಮೂರು ದಿನ ಬಿಟ್ಟು, ದೋಸೆ ತಿನ್ನುತ್ತಾ ಬರಬಹುದು. ಆಗ ಕೈಯಲ್ಲಿರೋ ಮೊಬೈಲ್ ಕೆಳಗಿಡಿ. ನಾಲ್ಕು ದಿನ ಮಗುವನ್ನು ಮೊಬೈಲ್ ಇಲ್ಲದ ಕಡೆ ಕಳಿಸಿದ್ದೀವಿ, ನಾಲ್ಕು ನಿಮಿಷ ನಾವು ಬಿಡೋಕಾಗಲ್ವಾ?

ಮಕ್ಕಳನ್ನು ಕಳಿಸಬೇಡಿ ಅಂತ ನಾನು ಹೇಳ್ತಿಲ್ಲ. ಕಳಿಸಿ. ಬೆಟ್ಟ ಹತ್ತಲಿ, ನಕ್ಷತ್ರ ನೋಡಲಿ, ಜಗಳ ಆಡಿ ರಾಜಿ ಆಗಲಿ. ಆದರೆ ಬಸ್ಸು ಹತ್ತಿಸುವಾಗ ಆ ಕೊನೇ ಮಾತನ್ನು ಸ್ವಲ್ಪ ಬದಲಾಯಿಸಿ. ಕೇಳು ಅಂತ ಇಷ್ಟು ವರ್ಷ ಹೇಳಿದ್ದೀವಿ. ಈ ಸಲ ಹೇಳು ಅನ್ನೋಣ.

ಯೋಚನೆ ಮಾಡಿ.